ಲಾಸ್ಟ್ ಹಾರ್ಸ್ ಚಿನ್ನದ ಗಣಿಗೆ ಮರುಭೂಮಿಯ ನಡಿಗೆ: ಪುಣೆಯ ಕನ್ನಡ ಚಾರಣಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿರುವ ಮನೆಗಳು ಸಾಕಷ್ಟಿವೆ. ಭಾನುವಾರ ಬೆಳಗಿನ ಜಾವ ಸಿಂಹಗಡದ ಕೋಟೆ ಏರುವ ನಮ್ಮ ಚಾರಣ ಬಳಗದಲ್ಲಿಯೂ ಅಂಥ ಹಿರಿಯರು ಹಲವರಿದ್ದಾರೆ. ಮಗನ ಮನೆಗೋ ಮಗಳ ಮನೆಗೋ ಹೋದಾಗ ಮಾಲ್‌ಗಳನ್ನಷ್ಟೇ ಸುತ್ತದೆ ಒಂದು ದಿನವಾದರೂ ಬೆಟ್ಟದಲ್ಲಿ ನಡೆಯಬೇಕೆಂಬುದು ಅವರ ಆಸೆ. ಜಾಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿರುವ ಲಾಸ್ಟ್ ಹಾರ್ಸ್ ಗಣಿಯ ಹಾದಿ ಅಂಥವರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದು ಮರುಭೂಮಿ. ಸಹ್ಯಾದ್ರಿಯಲ್ಲಿ ರೂಢಿಯಾದ ಕೆಲವು ಅಭ್ಯಾಸಗಳು ಅಲ್ಲಿ ಅಪಾಯ ತರುತ್ತವೆ. ಹೊರಡುವ ಮುನ್ನ ಬಳಗದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಈ ಹಾದಿ ಎಲ್ಲಿದೆ? ಎಷ್ಟು ಉದ್ದವಿದೆ?

ಜಾಶುವಾ ಟ್ರೀ ರಾಷ್ಟ್ರೀಯ ಉದ್ಯಾನ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದೆ. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 225 ಕಿಲೋಮೀಟರ್ ದೂರ. ಮೊಹಾವಿ ಮತ್ತು ಕೊಲರಾಡೊ ಎಂಬ ಎರಡು ಮರುಭೂಮಿಗಳು ಈ ಉದ್ಯಾನದೊಳಗೆ ಸಂಧಿಸುತ್ತವೆ. ನಮ್ಮ ಹಾದಿ ಇರುವುದು ಎತ್ತರದ, ತುಸು ತಂಪಾದ ಮೊಹಾವಿ ಭಾಗದಲ್ಲಿ. 1936ರಲ್ಲಿ ಸಂರಕ್ಷಿತ ಸ್ಮಾರಕವೆಂದು ಘೋಷಿತವಾದ ಈ ಪ್ರದೇಶಕ್ಕೆ ರಾಷ್ಟ್ರೀಯ ಉದ್ಯಾನದ ಸ್ಥಾನ ದೊರೆತದ್ದು 1994ರಲ್ಲಿ.

ಉದ್ಯಾನದ ಮುಖ್ಯ ರಸ್ತೆಯಿಂದ ಕೀಸ್ ವ್ಯೂ ರಸ್ತೆಗೆ ತಿರುಗಿ ಕೆಲವು ಕಿಲೋಮೀಟರ್ ಸಾಗಿದರೆ ಎಡಕ್ಕೆ ಮಣ್ಣಿನ ದಾರಿಯೊಂದು ಒಡೆಯುತ್ತದೆ. ಅದರ ಕೊನೆಯಲ್ಲಿ ವಾಹನ ನಿಲ್ಲಿಸಿ ನಡೆಯಲು ಆರಂಭಿಸಬೇಕು. ಗಣಿಯವರೆಗೆ ಹೋಗಿ ಅದೇ ದಾರಿಯಲ್ಲಿ ಮರಳಿದರೆ ಒಟ್ಟು ಸುಮಾರು 6.4 ಕಿಲೋಮೀಟರ್ ಆಗುತ್ತದೆ, ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಬೆಟ್ಟವನ್ನು ಬಳಸಿಕೊಂಡು ಬರುವ ಸುತ್ತುದಾರಿಯೂ ಇದೆ. ಅದು ಸುಮಾರು 10.5 ಕಿಲೋಮೀಟರ್ ಉದ್ದವಿದ್ದು, ಆಪ್ಟಿಮಿಸ್ಟ್ ಎಂಬ ಇನ್ನೊಂದು ಸಣ್ಣ ಗಣಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಅಲ್ಲಿ ಕಲ್ಲಿನ ಹೊಗೆಗೂಡೊಂದು ಒಂಟಿಯಾಗಿ ನಿಂತಿದೆ. ಮೊದಲ ಸಲ ಮರುಭೂಮಿಯಲ್ಲಿ ನಡೆಯುವವರು ಹೋದ ದಾರಿಯಲ್ಲೇ ಮರಳುವುದು ಲೇಸು. ಅದು ಗಣಿಯ ಕಾಲದ ಗಾಡಿ ರಸ್ತೆಯೇ ಆದ್ದರಿಂದ ಅಗಲವಾಗಿದೆ, ದಾರಿ ತಪ್ಪುವ ಸಂಭವ ಕಡಿಮೆ.

ಸಿಂಹಗಡ ಏರುವವರಿಗೆ ಇದು ಸುಲಭವಲ್ಲವೇ?

ಏರುವಿಕೆಯ ಲೆಕ್ಕದಲ್ಲಿ ಖಂಡಿತ ಸುಲಭ. ತಪ್ಪಲಿನ ಆತಕರವಾಡಿಯಿಂದ ಸಿಂಹಗಡದ ಬಾಗಿಲು ಮುಟ್ಟಲು ಸುಮಾರು 600 ಮೀಟರ್ ಏರಬೇಕು. ಇಲ್ಲಿ ಏರು 170 ಮೀಟರ್ ಆಸುಪಾಸು. ಪುಣೆಯ ಪರ್ವತಿ ಗುಡ್ಡದ ಮೆಟ್ಟಿಲುಗಳನ್ನು ನಿತ್ಯ ಹತ್ತುವವರ ಅಥವಾ ವೇತಾಳ ಟೇಕಡಿಯಲ್ಲಿ ದಿನವೂ ಬೆಳಗ್ಗೆ ನಡೆಯುವವರ ಕಾಲುಗಳು ಈ ಹಾದಿಗೆ ಸಾಕಷ್ಟು ಸಿದ್ಧವಾಗಿರುತ್ತವೆ.

ಕಷ್ಟವಿರುವುದು ಏರಿನಲ್ಲಲ್ಲ. ಸಿಂಹಗಡದ ದಾರಿಯಲ್ಲಿ ಅಲ್ಲಲ್ಲಿ ನಿಂಬೆ ಶರಬತ್ತು, ಮೇಲೆ ಹೋದರೆ ಮಡಕೆಯ ಮೊಸರು, ಪಿಠಲೆ ಭಾಕರಿ ದೊರೆಯುತ್ತವೆ. ಬಾಯಾರಿದರೆ ಯಾರಾದರೂ ಮಜ್ಜಿಗೆ ಕೊಡುತ್ತಾರೆಂಬ ಭರವಸೆಯಲ್ಲೇ ನಮ್ಮಲ್ಲಿ ಅನೇಕರು ಅರ್ಧ ಲೀಟರ್ ಬಾಟಲಿ ಹಿಡಿದು ಹೊರಡುತ್ತಾರೆ. ಲಾಸ್ಟ್ ಹಾರ್ಸ್ ಹಾದಿಯಲ್ಲಿ ಅಂಗಡಿಯಿಲ್ಲ, ನಲ್ಲಿಯಿಲ್ಲ, ತೊರೆಯಿಲ್ಲ, ದಟ್ಟ ನೆರಳು ನೀಡುವ ಒಂದು ಮರವೂ ಇಲ್ಲ. ಜಾಶುವಾ ಮರ ನೋಡಲು ಮರದಂತಿದ್ದರೂ ಯುಕ್ಕಾ ಜಾತಿಗೆ ಸೇರಿದ ಗಿಡ. ಅದರ ಮುಳ್ಳೆಲೆಗಳ ಕೆಳಗೆ ಕುಳಿತು ದಣಿವಾರಿಸಿಕೊಳ್ಳಲಾಗದು. ಆದ್ದರಿಂದ ಈ ನಡಿಗೆಯ ಸಿದ್ಧತೆಯೆಂದರೆ ಮುಖ್ಯವಾಗಿ ನೀರಿನ ಸಿದ್ಧತೆ.

ಎಷ್ಟು ನೀರು ಒಯ್ಯಬೇಕು?

ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಎಂದರೆ ಸುಮಾರು 4 ಲೀಟರ್ ನೀರು ಬೇಕೆಂಬುದು ಉದ್ಯಾನದವರ ಸಲಹೆ. ನಡೆಯುವವರಿಗೆ, ಬಿಸಿಲಿನ ದಿನಗಳಲ್ಲಿ ಅದಕ್ಕಿಂತ ಹೆಚ್ಚು. ಅಷ್ಟನ್ನೂ ಬೆನ್ನಿಗೆ ಹೊರಬೇಕಾಗಿಲ್ಲ. ತಂಪು ಹವೆಯಲ್ಲಿ ಈ ಹಾದಿಗೆ ತಲೆಗೆ 2 ಲೀಟರ್ ಚೀಲದಲ್ಲಿಟ್ಟುಕೊಂಡು, ಉಳಿದದ್ದನ್ನು ಕಾರಿನಲ್ಲಿಡಬಹುದು. ಕಾರಿನಲ್ಲಿ ಇರಲೇಬೇಕು ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಉದ್ಯಾನದ ಅಂಚಿನ ಕೆಲವು ಸ್ಥಳಗಳನ್ನು ಬಿಟ್ಟರೆ ಒಳಗೆಲ್ಲೂ ಕುಡಿಯುವ ನೀರು ಸಿಗುವುದಿಲ್ಲ. ಪಶ್ಚಿಮ ದ್ವಾರದಲ್ಲೇ ಎಲ್ಲ ಬಾಟಲಿಗಳನ್ನು ತುಂಬಿಸಿಕೊಂಡು ಮುಂದಕ್ಕೆ ಹೋಗಿ.

ಪುಣೆಯ ಅನುಭವ ನಮ್ಮನ್ನು ಇಲ್ಲಿ ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಮೊದಲನೆಯದು ಬೆವರು. ಸಹ್ಯಾದ್ರಿಯಲ್ಲಿ ಅಂಗಿ ತೊಯ್ದಾಗ ದೇಹ ನೀರು ಕಳೆದುಕೊಳ್ಳುತ್ತಿದೆಯೆಂದು ತಾನಾಗಿ ತಿಳಿಯುತ್ತದೆ. ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಮೂಡಿದ ಕ್ಷಣವೇ ಆರಿಹೋಗುವುದರಿಂದ ಅಂಗಿ ಒಣಗಿಯೇ ಇರುತ್ತದೆ, ನಡೆಯುವವರು ತಮಗೇನೂ ದಣಿವಾಗಿಲ್ಲವೆಂದು ಭಾವಿಸುತ್ತಾರೆ. ಬಾಯಾರುವ ಮೊದಲೇ ಕುಡಿಯುತ್ತಿರಬೇಕು. ಎರಡನೆಯದು ನೀರನ್ನು ಉಳಿಸುವ ಅಭ್ಯಾಸ. ಕೊನೆಗೆ ಬೇಕಾದೀತೆಂದು ಬಾಟಲಿಯಲ್ಲಿ ನೀರಿಟ್ಟುಕೊಂಡು ಬಾಯಾರಿಕೆಯಲ್ಲಿ ನಡೆಯುವುದು ಹಿರಿಯರಲ್ಲಿ ಸಾಮಾನ್ಯ, ಅದು ತಪ್ಪು. ಬೇಕಾದಷ್ಟು ಕುಡಿಯಿರಿ, ಒಯ್ದ ನೀರು ಅರ್ಧವಾದ ಕೂಡಲೇ ಗಣಿ ಎಷ್ಟೇ ಹತ್ತಿರವಿದ್ದರೂ ಹಿಂದಿರುಗಿ.

ಬರೀ ನೀರೂ ಸಾಲದು, ಬೆವರಿನೊಂದಿಗೆ ಹೋದ ಉಪ್ಪನ್ನೂ ಮರಳಿ ಕೊಡಬೇಕು. ಕೋಡುಬಳೆ, ಚಕ್ಕುಲಿ, ಉಪ್ಪು ಹಾಕಿ ಹುರಿದ ಕಡಲೆಬೀಜ ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ರಕ್ತದೊತ್ತಡದ ಕಾರಣ ಉಪ್ಪು ಬಿಟ್ಟವರು ಮಾತ್ರ ಹೊರಡುವ ಮೊದಲು ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ತಪ್ಪದೆ ಕೇಳಬೇಕು.

ನಮ್ಮ ಪ್ರಯಾಣ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ. ಆಗ ಹೋಗಬಹುದೇ?

ಪುಣೆಯ ಬೇಸಿಗೆ ತಪ್ಪಿಸಿಕೊಳ್ಳಲು ಬಹಳ ಮಂದಿ ಆ ತಿಂಗಳುಗಳಲ್ಲೇ ಮಕ್ಕಳ ಬಳಿಗೆ ಹೋಗುತ್ತಾರೆ. ದುರದೃಷ್ಟವಶಾತ್ ಈ ಹಾದಿಗೆ ಅದು ಅತ್ಯಂತ ಕೆಟ್ಟ ಕಾಲ. ಬೇಸಿಗೆಯಲ್ಲಿ ಹಗಲಿನ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪುಣೆಯ ಏಪ್ರಿಲ್‌ನಲ್ಲೂ ಅಷ್ಟು ಬಿಸಿಲು ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ಪುಣೆಯಲ್ಲಿ ಆ ಬಿಸಿಲಿನಲ್ಲಿ ಮೂರು ಗಂಟೆ ನೆರಳಿಲ್ಲದ ಬೆಟ್ಟದಲ್ಲಿ ನಾವು ನಡೆಯುವುದಿಲ್ಲ, ಮನೆಯೊಳಗಿರುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೆ ಹೋದವರು ಹವಾನಿಯಂತ್ರಿತ ಕಾರಿನಲ್ಲಿ ಉದ್ಯಾನ ಸುತ್ತಿ, ಕೀಸ್ ವ್ಯೂ ಎಂಬ ವೀಕ್ಷಣಾ ತಾಣ ನೋಡಿ ಮರಳಿದರೆ ಸಾಕು. ಗಣಿಯ ಹಾದಿ ಬೇಡ.

ಅಕ್ಟೋಬರ್ ನಡುವಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಸಮಯ. ವಸಂತ ಮತ್ತು ಶರತ್ಕಾಲದಲ್ಲಿ ಹಗಲು ಸರಾಸರಿ 29 ಡಿಗ್ರಿ, ರಾತ್ರಿ 10 ಡಿಗ್ರಿ ಇರುತ್ತದೆ. ಚಳಿಗಾಲದಲ್ಲಿ ಹಗಲು 15 ಡಿಗ್ರಿಯ ಆಸುಪಾಸು. ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಅಪರೂಪಕ್ಕೆ ಹಿಮವೂ ಬೀಳುತ್ತದೆ. ಗಣಿಯಿರುವ ಸ್ಥಳ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದ್ದು ಗಾಳಿ ಜೋರಾಗಿರುತ್ತದೆ. ದೀಪಾವಳಿಯ ನಂತರ ಹೋಗುವವರು ಸ್ವೆಟರ್, ಕಿವಿ ಮುಚ್ಚುವ ಟೋಪಿ ಮರೆಯಬಾರದು. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಹೋಗಲು ಸಾಧ್ಯವಾದರೆ, ಜಾಶುವಾ ಮರಗಳು ಕೆನೆಬಣ್ಣದ ಹೂಗೊಂಚಲು ಬಿಟ್ಟಿರುವುದನ್ನು ನೋಡುವ ಅವಕಾಶವಿದೆ.

ಮಳೆಯ ಬಗ್ಗೆ ಒಂದು ಮಾತು. ನಮಗೆ ಮಳೆಯಲ್ಲಿ ನಡೆಯುವುದೇ ಹಬ್ಬ. ಮರುಭೂಮಿಯ ನೆಲವಾದರೋ ಬಿದ್ದ ಮಳೆಯನ್ನು ಹೀರಿಕೊಳ್ಳುವುದಕ್ಕಿಂತ ಬೇಗ ಹರಿಯಬಿಡುತ್ತದೆ. ದೂರದ ಬೆಟ್ಟದಲ್ಲಿ ಸುರಿದ ಮಳೆ ನಾವು ನಿಂತಿರುವ ಒಣ ಹಳ್ಳದಲ್ಲಿ ಒಮ್ಮೆಲೇ ಪ್ರವಾಹವಾಗಿ ಬರಬಹುದು. ಗುಡುಗು ಕೇಳಿದರೆ, ಮೋಡ ಕವಿದರೆ, ಹಳ್ಳಗಳಿಂದ ದೂರವಿದ್ದು ಕಾರಿಗೆ ಮರಳಿ.

ಏನು ಧರಿಸಬೇಕು?

ಗಟ್ಟಿ ಅಡಿಯ ಬೂಟು, ಅಗಲ ಅಂಚಿನ ಟೋಪಿ, ತಿಳಿಬಣ್ಣದ ಉದ್ದ ತೋಳಿನ ಹತ್ತಿ ಅಂಗಿ. ಹಾದಿಯಲ್ಲಿ ಸಡಿಲ ಕಲ್ಲುಗಳಿರುವುದರಿಂದ ಚಪ್ಪಲಿಯಲ್ಲಿ ನಡೆಯಬೇಡಿ. ಸೀರೆಯುಟ್ಟೇ ಗಡ ಏರುವ ನಮ್ಮ ಹಿರಿಯ ಸದಸ್ಯೆಯರಿಗೂ ಇಲ್ಲಿ ಸಲ್ವಾರ್ ಅಥವಾ ಪ್ಯಾಂಟ್ ಅನುಕೂಲ, ಏಕೆಂದರೆ ಹಾದಿಯಂಚಿನ ಗಿಡಗಳೆಲ್ಲ ಮುಳ್ಳಿನವು.

ಗಣಿಯ ಬಳಿ ನಿಜಕ್ಕೂ ಏನು ಉಳಿದಿದೆ?

ಬೆಟ್ಟದ ಮೈಯಲ್ಲಿ ಮರದ ದಪ್ಪ ತೊಲೆಗಳಿಂದ ಕಟ್ಟಿದ ಎತ್ತರದ ಚೌಕಟ್ಟೊಂದು ನಿಂತಿದೆ. ಅದರೊಳಗೆ ಅದಿರನ್ನು ಕುಟ್ಟುತ್ತಿದ್ದ ಹತ್ತು ಕಬ್ಬಿಣದ ದಂಡಗಳ ಯಂತ್ರವಿದೆ. ಈ ಉದ್ಯಾನದಲ್ಲಿ ಇಷ್ಟು ಚೆನ್ನಾಗಿ ಉಳಿದು ಬಂದ ಕುಟ್ಟುಯಂತ್ರಗಳು ಬೆರಳೆಣಿಕೆಯಷ್ಟು. ಸುತ್ತಲೂ ಕಲ್ಲು ಕಟ್ಟಿದ ತಳಪಾಯಗಳು, ತೊಟ್ಟಿಗಳ ಅವಶೇಷ, ತುಕ್ಕು ಹಿಡಿದ ಕಬ್ಬಿಣ, ಅದಿರು ತೆಗೆದು ಸುರಿದ ಪುಡಿಗಲ್ಲಿನ ಇಳಿಜಾರುಗಳು ಕಾಣುತ್ತವೆ. ಕೆಳಗಿನ ನೆಲ ಟೊಳ್ಳಾಗಿರುವುದರಿಂದ ಯಂತ್ರದ ಸುತ್ತ ಬೇಲಿ ಹಾಕಲಾಗಿದೆ. ಬೇಲಿಯ ಹೊರಗಿನಿಂದಲೇ ನೋಡಬೇಕು.

ಯಂತ್ರವನ್ನು ನೋಡಿದ ಬಳಿಕ ಬೆಟ್ಟಗಳನ್ನೂ ಗಮನಿಸಿ ನೋಡಿ. ಗಣಿಯ ಸುತ್ತಲಿನ ಇಳಿಜಾರುಗಳಲ್ಲಿ ಮರಗಳು ವಿರಳ. ಯಂತ್ರ ನಡೆಸಿದ ಉಗಿ ಎಂಜಿನ್‌ಗಳ ಹೊಟ್ಟೆಗೆ ಸುತ್ತಲಿನ ಪಿನ್ಯನ್ ಪೈನ್, ಜುನಿಪರ್ ಮರಗಳು ಹೋದವು. ಶತಮಾನ ಕಳೆದರೂ ಆ ಬೆಟ್ಟಗಳು ಪೂರ್ತಿಯಾಗಿ ಚೇತರಿಸಿಕೊಂಡಿಲ್ಲ. ಮಳೆಗಾಲ ಬಂದರೆ ಮೂರು ವಾರದಲ್ಲಿ ಹಸಿರಾಗುವ ಬೆಟ್ಟಗಳನ್ನು ಕಂಡು ಬೆಳೆದ ನಮಗೆ ಇದು ನಂಬಲು ಕಷ್ಟವಾದರೂ ತಿಳಿದಿರಬೇಕಾದ ಸಂಗತಿ.

ಈ ಗಣಿಯ ಕಥೆ ಏನು?

ಜಾನಿ ಲ್ಯಾಂಗ್ ಎಂಬ ದನಗಾಹಿ 1890ರ ಸುಮಾರಿಗೆ ತಂದೆಯೊಂದಿಗೆ ಈ ಕಣಿವೆಗೆ ದನಗಳನ್ನು ಹೊಡೆದುಕೊಂಡು ಬಂದ. ಒಂದು ಬೆಳಗ್ಗೆ ಎದ್ದಾಗ ಅವನ ಕುದುರೆಗಳು ಕಾಣಲಿಲ್ಲ. ಹೆಜ್ಜೆ ಹಿಡಿದು ಹೋದರೆ ಅವು ದನಗಳ್ಳರೆಂದು ಹೆಸರಾಗಿದ್ದ ಮೆಕ್‌ಹೇನಿ ಸೋದರರ ಬಿಡಾರದತ್ತ ಸಾಗಿದ್ದವು. ಅವರು ಅವನನ್ನು ಬೆದರಿಸಿ ಅಟ್ಟಿದರು. ಅದೇ ಸಮಯದಲ್ಲಿ ಲ್ಯಾಂಗ್‌ಗೆ ಡಚ್ ಫ್ರ್ಯಾಂಕ್ ಎಂಬ ಅನ್ವೇಷಕನ ಭೇಟಿಯಾಯಿತು. ಚಿನ್ನದ ಅದಿರು ಕಂಡುಹಿಡಿದಿದ್ದರೂ ಅದೇ ಗುಂಪಿನ ಭಯದಿಂದ ಗಣಿ ತೋಡಲಾರದೆ ಕುಳಿತಿದ್ದವನು ಅವನು. ಲ್ಯಾಂಗ್ ತಂದೆ ಮಕ್ಕಳು 1,000 ಡಾಲರ್ ಕೊಟ್ಟು ಅವನಿಂದ ಹಕ್ಕನ್ನು ಕೊಂಡರು. ಒಂಟಿಯಾಗಿದ್ದರೆ ಉಳಿಗಾಲವಿಲ್ಲವೆಂದು ಮೂವರು ಪಾಲುದಾರರನ್ನು ಸೇರಿಸಿಕೊಂಡು, ಎರಡು ದಂಡಗಳ ಸಣ್ಣ ಯಂತ್ರದೊಂದಿಗೆ ಕೆಲಸ ಆರಂಭಿಸಿದರು. ಕಳೆದುಹೋದ ಕುದುರೆಯ ನೆನಪಿನಲ್ಲೇ ಗಣಿಗೆ ಹೆಸರು ಬಂದಿತು.

ಲಾಭ ಕಂಡ ಮೇಲೆ ಮೊಂಟಾನಾದ ಶ್ರೀಮಂತ ಜೆ. ಡಿ. ರಯನ್ ಉಳಿದ ಪಾಲುದಾರರ ಪಾಲನ್ನು ಕೊಂಡು, ಹತ್ತು ದಂಡಗಳ ಉಗಿಚಾಲಿತ ಯಂತ್ರ ತರಿಸಿದ. ಯಂತ್ರಕ್ಕೆ ನೀರು ಬೇಕಲ್ಲ. ತನ್ನ ರ‍್ಯಾಂಚಿನ ಬಾವಿಗಳಿಂದ ಮೂರೂವರೆ ಮೈಲಿ, ಎಂದರೆ ಐದೂವರೆ ಕಿಲೋಮೀಟರಿಗೂ ಹೆಚ್ಚು ದೂರ, ಎರಡು ಇಂಚಿನ ಕೊಳವೆ ಹಾಕಿಸಿ ಗಣಿಯ ಬಳಿಯ ಮಣ್ಣಿನ ಕೆರೆಗೆ ಪಂಪ್ ಮಾಡಿಸಿದ. ನೀರನ್ನು ಮೇಲಕ್ಕೆ ಎತ್ತಲು ಉಗಿ, ಉಗಿಗೆ ಸೌದೆ, ಸೌದೆಗೆ ಬೆಟ್ಟದ ಮರಗಳು. ನಮ್ಮ ಸಹ್ಯಾದ್ರಿಯ ಗಡಗಳನ್ನು ಕಟ್ಟಿದವರು ಬಂಡೆ ಕೊರೆದು ಟಾಕೆಗಳನ್ನು, ಎಂದರೆ ನೀರಿನ ತೊಟ್ಟಿಗಳನ್ನು, ಮಾಡಿ, ನಾಲ್ಕು ತಿಂಗಳ ಮಳೆಯನ್ನು ಎಂಟು ತಿಂಗಳಿಗೆ ಕೂಡಿಟ್ಟರು. ಸಿಂಹಗಡದ ದೇವಟಾಕೆಯ ನೀರನ್ನು ಜನ ಇಂದಿಗೂ ಕುಡಿಯುತ್ತಾರೆ. ಲಾಸ್ಟ್ ಹಾರ್ಸ್‌ನಲ್ಲಿ ಕೂಡಿಡಲು ಅಷ್ಟು ಮಳೆಯೇ ಇರಲಿಲ್ಲ. ಅಲ್ಲಿನ ಕೆಲಸವೆಲ್ಲ ಆ ಕೊಳವೆಯನ್ನೇ ನಂಬಿತ್ತು. ಸಹ್ಯಾದ್ರಿಯ ಗಡಗಳನ್ನು ನೋಡಿದ ಕಣ್ಣಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ, ನನ್ನ ಮಟ್ಟಿಗೆ ಈ ಹಾದಿಯಲ್ಲಿ ಗ್ರಹಿಸಬೇಕಾದ ಮುಖ್ಯ ವಿಷಯವೂ ಅದೇ.

ಮುಂದಿನ ಕಥೆ ದುಃಖದ್ದು. ಹಗಲು ಪಾಳಿಗಿಂತ ರಾತ್ರಿ ಪಾಳಿಯಲ್ಲಿ ಚಿನ್ನ ಕಡಿಮೆ ಸಿಗುತ್ತಿರುವುದನ್ನು ಗಮನಿಸಿದಾಗ, ರಾತ್ರಿಯ ಹೊಣೆ ಹೊತ್ತಿದ್ದ ಲ್ಯಾಂಗ್ ಒಂದಂಶವನ್ನು ತಾನೇ ಇಟ್ಟುಕೊಳ್ಳುತ್ತಿದ್ದನೆಂದು ತಿಳಿಯಿತು. ಪಾಲನ್ನು ಮಾರು, ಇಲ್ಲವೇ ಸೆರೆಮನೆಗೆ ಹೋಗು ಎಂದು ರಯನ್ ಹೇಳಿದ. ಲ್ಯಾಂಗ್ 12,000 ಡಾಲರಿಗೆ ಮಾರಿ ಹೊರನಡೆದ. 1905ರಲ್ಲಿ ಗಣಿಗಾರರಿಗೆ ಶಿಲಾಸ್ತರದ ಬಿರುಕೊಂದು ಎದುರಾಗಿ, ಅದಿರಿನ ಎಳೆ ಅಲ್ಲಿಗೆ ಕೈತಪ್ಪಿಹೋಯಿತು. ವರ್ಷಗಳ ನಂತರ ಮುದುಕನಾಗಿ ಮರಳಿದ ಲ್ಯಾಂಗ್ ಪಾಳುಬಿದ್ದ ಗಣಿಯ ಅಡುಗೆಮನೆಯಲ್ಲಿ ವಾಸವಾಗಿದ್ದ. 1920ರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ದಿನಸಿ ತರಲು ಕಾಲ್ನಡಿಗೆಯಲ್ಲಿ ಹೊರಟವನು ದಾರಿಯಲ್ಲೇ ತೀರಿಕೊಂಡ. ತಿಂಗಳುಗಳ ಬಳಿಕ ಅವನ ದೇಹವನ್ನು ಕಂಡ ಆ ಭಾಗದ ದನಸಾಕಣೆಗಾರ ಬಿಲ್ ಕೀಸ್ ಅಲ್ಲೇ ಮಣ್ಣು ಮಾಡಿದರು. ಕೀಸ್ ವ್ಯೂ ರಸ್ತೆಯ ಪಕ್ಕದಲ್ಲಿ ಆ ಸಮಾಧಿ ಇಂದಿಗೂ ಇದೆ.

ಇದಕ್ಕೂ ಹಿಂದಿನ ಕಥೆಯನ್ನು ಮರೆಯಬಾರದು. ದನಗಾಹಿಗಳೂ ಗಣಿಗಾರರೂ ಬರುವ ಮೊದಲು ಈ ನೆಲ ಸೆರಾನೊ, ಕಾಹುಯಿಲಾ, ಚೆಮೆಹುಯೆವಿ, ಮೊಹಾವಿ ಜನರದ್ದಾಗಿತ್ತು. ಅವರ ಬದುಕು ನಡೆಯುತ್ತಿದ್ದುದು ಮಾರಾ ಓಯಸಿಸ್‌ನಂಥ ಕೆಲವೇ ನೀರಿನ ನೆಲೆಗಳನ್ನು ನಂಬಿ. ಆ ನೆಲೆಗಳು ದನಗಳಿಗೂ ಗಣಿಗಳಿಗೂ ಬಳಕೆಯಾಗತೊಡಗಿದಾಗ ಆ ಜನರಿಗೆ ಅಲ್ಲಿರುವುದು ಕಷ್ಟವಾಯಿತು.

ಅದಿರಿನಿಂದ ಚಿನ್ನವನ್ನು ಹೇಗೆ ಬೇರ್ಪಡಿಸುತ್ತಿದ್ದರು?

ಯಂತ್ರದ ಕೆಲಸವನ್ನು ನಮ್ಮ ಒನಕೆಯ ಕೆಲಸದಂತೆಯೇ ಊಹಿಸಿಕೊಳ್ಳಬಹುದು. ತಿರುಗುವ ಅಚ್ಚೊಂದರ ಮೇಲಿನ ಉಬ್ಬುಗಳು ಕಬ್ಬಿಣದ ಭಾರವಾದ ದಂಡಗಳನ್ನು ಸರದಿಯಲ್ಲಿ ಮೇಲೆತ್ತಿ ಕೈಬಿಡುತ್ತಿದ್ದವು. ಕೆಳಗಿನ ಅದಿರು ಆ ಹೊಡೆತಕ್ಕೆ ಹಿಟ್ಟಾಗುತ್ತಿತ್ತು. ಹತ್ತು ದಂಡಗಳ ಸದ್ದು ಹಗಲಿರುಳೂ ಕಣಿವೆಯಲ್ಲೆಲ್ಲ ಕೇಳಿಸುತ್ತಿತ್ತು. ಪುಡಿಯಾದ ಅದಿರಿಗೆ ನೀರು ಬೆರೆಸಿ, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಂಡು ಉಳಿದ ಕೆಸರು ಹರಿದುಹೋಗುತ್ತಿತ್ತು. ಅಂಟಿದ ಮಿಶ್ರಣವನ್ನು ಕೆರೆದು ಕಾಯಿಸಿದರೆ ಪಾದರಸ ಆವಿಯಾಗಿ ಬೇರ್ಪಡುತ್ತಿತ್ತು, ಅದನ್ನು ತಂಪಾಗಿಸಿ ಮತ್ತೆ ಬಳಸುತ್ತಿದ್ದರು. ಚಿನ್ನವನ್ನು ಗಟ್ಟಿಗಳಾಗಿ ಎರಕ ಹೊಯ್ದು, ಸರಕು ಗಾಡಿಯಲ್ಲಿ ಬಚ್ಚಿಟ್ಟು ಬ್ಯಾನಿಂಗ್ ಪಟ್ಟಣಕ್ಕೆ ಸಾಗಿಸುತ್ತಿದ್ದರು. ಹದಿನಾರು ಕುದುರೆಗಳ ಆ ಗಾಡಿಗೆ ಹೋಗಿಬರಲು 130 ಮೈಲಿ, ಐದು ದಿನ.

1894ರಿಂದ 1931ರವರೆಗೆ ಈ ಗಣಿಯಿಂದ 10,000 ಔನ್ಸ್ ಚಿನ್ನ ಮತ್ತು 16,000 ಔನ್ಸ್ ಬೆಳ್ಳಿ ದೊರೆಯಿತು. ನಮ್ಮ ಲೆಕ್ಕದಲ್ಲಿ ಚಿನ್ನ ಸುಮಾರು 311 ಕಿಲೋ. ಕೊನೆಯ ಕೆಲವು ನೂರು ಔನ್ಸ್ ದೊರೆತದ್ದು ಹೊಸ ಅದಿರಿನಿಂದಲ್ಲ. ಚಿನ್ನದ ಬೆಲೆ ಏರಿದಾಗ ಹಳೆಯ ಪುಡಿಗಲ್ಲಿನ ರಾಶಿಗೆ ಸೈನೈಡ್ ದ್ರಾವಣ ಹಾಯಿಸಿ ತೆಗೆದದ್ದು.

ಕೋಲಾರದ ಚಿನ್ನದ ಗಣಿ ನಮ್ಮದೇ ಇರುವಾಗ ಇಷ್ಟು ಸಣ್ಣ ಗಣಿಯನ್ನು ನೋಡಲು ಏಕೆ ಹೋಗಬೇಕು?

ಈ ಪ್ರಶ್ನೆಯನ್ನು ಕೇಳುವವರ ಅಭಿಮಾನ ನನಗೂ ಇದೆ. ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಕೈಗೆತ್ತಿಕೊಂಡಂದಿನಿಂದ 2001ರಲ್ಲಿ ಮುಚ್ಚುವವರೆಗೆ ಕೋಲಾರದಿಂದ ಸುಮಾರು 800 ಟನ್ ಚಿನ್ನ ಬಂದಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಲಾಸ್ಟ್ ಹಾರ್ಸ್‌ನಲ್ಲಿ ಬೆಟ್ಟದ ಮರಗಳನ್ನು ಉರಿಸಿ ಉಗಿ ಮಾಡುತ್ತಿದ್ದ ಕಾಲಕ್ಕೇ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ಜಲವಿದ್ಯುತ್ ಹರಿಯಿತು. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಬಂತು.

ಆದರೂ ಅಲ್ಲಿಗೆ ಹೋಗಿ ನೋಡಬೇಕೆನ್ನುವುದಕ್ಕೆ ಕಾರಣವಿದೆ. ಮೂವತ್ತೇಳು ವರ್ಷಗಳಲ್ಲಿ ಮುನ್ನೂರು ಕಿಲೋ ಚಿನ್ನ ಕೊಟ್ಟ ಒಂದು ಸಣ್ಣ ಗಣಿಯ ಯಂತ್ರವನ್ನು ಅದು ನಿಂತ ಜಾಗದಲ್ಲೇ ಉಳಿಸಿ, ಬಲಪಡಿಸಿ, ಅದರ ಕಥೆಯನ್ನು ಮಾಲೀಕನ ಕಳವಳ, ಪಾಲುದಾರನ ಕಳವು ಸಮೇತ ಬರೆದಿಟ್ಟು, ಯಾರು ಬೇಕಾದರೂ ನಡೆದು ಹೋಗಿ ನೋಡುವಂತೆ ಮಾಡಿದ್ದಾರೆ. ಕೋಲಾರದಲ್ಲಿ ತಲೆಮಾರುಗಳ ಕಾಲ ನೆಲದಡಿ ದುಡಿದವರು, ಅವರಲ್ಲಿ ಬಹುಪಾಲು ಗಡಿಯಾಚೆಯ ತಮಿಳು ಜಿಲ್ಲೆಗಳಿಂದ ಬಂದ ಕುಟುಂಬಗಳು, ಇಂಥದೇ ಗೌರವಕ್ಕೆ ಅರ್ಹರು. ಸೈನೈಡ್ ದಿಬ್ಬಗಳ ನೆರಳಿನಲ್ಲಿ ಬದುಕುತ್ತಿರುವ ಆ ಊರಿನಲ್ಲಿ ಗಣಿಯ ಪರಂಪರೆಯನ್ನು ಹೇಗೆ ಕಾಪಾಡಬಹುದೆಂದು ಯೋಚಿಸಲು ಲಾಸ್ಟ್ ಹಾರ್ಸ್ ಒಂದು ಕಣ್ಣೆದುರಿನ ಮಾದರಿ. ಹೋಗಿ ಬಂದವರು ಕೋಲಾರಕ್ಕೂ ಹೋಗಬೇಕೆಂಬುದು ನನ್ನ ವಿನಂತಿ.

ಗಣಿಯ ಸುರಂಗದೊಳಗೆ ಇಳಿಯಬಹುದೇ?

ಇಳಿಯಬಾರದು. ಈ ಉದ್ಯಾನದಲ್ಲಿ ಕೈಬಿಟ್ಟ ಗಣಿಗಳು ಸುಮಾರು 300 ಇವೆ. ಹಲವಕ್ಕೆ ಜಾಲರಿ ಹಾಕಿದ್ದಾರೆ, ಎಲ್ಲಕ್ಕೂ ಅಲ್ಲ. ಹಳೆಯ ಮರದ ಆಧಾರಗಳು ಕೊಳೆತಿರುತ್ತವೆ, ಒಳಗಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಿರಬಹುದು, ಕತ್ತಲಲ್ಲಿ ಕಾಣದ ಆಳವಾದ ಗುಂಡಿಗಳಿರುತ್ತವೆ. ಪುಡಿಗಲ್ಲಿನ ರಾಶಿಗಳಲ್ಲಿ ಪಾದರಸ, ಸೈನೈಡ್ ಬಳಕೆಯ ಶೇಷವೂ ಭಾರಲೋಹಗಳೂ ಇರಬಹುದಾದ್ದರಿಂದ ಮೊಮ್ಮಕ್ಕಳನ್ನು ಅವುಗಳ ಮೇಲೆ ಆಡಲು ಬಿಡಬೇಡಿ. ತಿನ್ನುವ ಮೊದಲು ಎಲ್ಲರ ಕೈ ತೊಳೆಸಿ.

ನೆನಪಿಗಾಗಿ ಹಳೆಯ ಮೊಳೆಯನ್ನೋ ಹೊಳೆಯುವ ಕಲ್ಲನ್ನೋ ತರಬಹುದೇ?

ಯಾವುದನ್ನೂ ತರುವಂತಿಲ್ಲ. ಕಲ್ಲು, ಗಿಡದ ಕಡ್ಡಿ, ಮೊಳೆ, ತುಕ್ಕು ಹಿಡಿದ ಆಹಾರದ ಡಬ್ಬಿ ಎಲ್ಲವೂ ಕಾನೂನಿನ ರಕ್ಷಣೆಯಲ್ಲಿವೆ. ನಮ್ಮ ಕಣ್ಣಿಗೆ ಕಸದಂತೆ ಕಾಣುವ ಡಬ್ಬಿಯೂ ಇಂಥ ಸ್ಥಳದಲ್ಲಿ ಐತಿಹಾಸಿಕ ವಸ್ತು, ಏಕೆಂದರೆ ಅದು ಬಿದ್ದ ಜಾಗದಿಂದ ಗಣಿಗಾರರು ಎಲ್ಲಿ ಉಂಡರು, ಎಲ್ಲಿ ಮಲಗಿದರು ಎಂದು ಸಂಶೋಧಕರು ಓದಬಲ್ಲರು. ಜಾಗ ಬದಲಾದರೆ ಆ ಮಾಹಿತಿ ಅಳಿಯುತ್ತದೆ. ಗಡಗಳ ಗೋಡೆಯ ಮೇಲೆ ಹೆಸರು ಕೆತ್ತುವವರನ್ನು ಕಂಡು ನಮಗೆ ಆಗುವ ನೋವನ್ನು ನೆನೆದರೆ ಸಾಕು.

ಮೊಣಕಾಲು ನೋವಿರುವವರಿಗೆ ಬೇರೆ ದಾರಿ ಇದೆಯೇ?

ಇದೆ. ವಾಲ್ ಸ್ಟ್ರೀಟ್ ಮಿಲ್ ಎಂಬ ಇನ್ನೊಂದು ಗಣಿ ಅವಶೇಷಕ್ಕೆ ಹೋಗಿಬರಲು ಮೂರೂವರೆಯಿಂದ ನಾಲ್ಕೂವರೆ ಕಿಲೋಮೀಟರ್ ಮಾತ್ರ, ದಾರಿ ಬಹುಮಟ್ಟಿಗೆ ಸಮತಟ್ಟು. ಅಲ್ಲಿರುವುದು ಎರಡು ದಂಡಗಳ ಯಂತ್ರ. ಲ್ಯಾಂಗ್‌ನನ್ನು ಮಣ್ಣು ಮಾಡಿದ ಅದೇ ಬಿಲ್ ಕೀಸ್ 1930ರ ದಶಕದ ಆರಂಭದಲ್ಲಿ ಇದನ್ನು ನಿಲ್ಲಿಸಿ, ಸುತ್ತಲಿನ ಸಣ್ಣ ಗಣಿಗಾರರ ಅದಿರನ್ನು ಕುಟ್ಟಿ ಕೊಡುತ್ತಿದ್ದರು. ಅಲ್ಲಿಗೆ ಹೋಗುವ ದಾರಿಯ ಹಕ್ಕಿನ ಜಗಳದಲ್ಲಿ 1943ರಲ್ಲಿ ನೆರೆಯವನಾದ ವರ್ತ್ ಬ್ಯಾಗ್ಲಿ ಕೀಸ್ ಅವರ ಗುಂಡಿಗೆ ಸತ್ತ. ಆತ್ಮರಕ್ಷಣೆಗಾಗಿ ಹೊಡೆದೆನೆಂದು ಕೀಸ್ ಹೇಳಿದರೂ ಸ್ಯಾನ್ ಕ್ವೆಂಟಿನ್ ಸೆರೆಮನೆ ಸೇರಬೇಕಾಯಿತು. 1956ರಲ್ಲಿ ಅವರಿಗೆ ಕ್ಷಮಾದಾನ ದೊರೆಯಿತು. ಘಟನೆ ನಡೆದ ಸ್ಥಳದಲ್ಲಿ ಕೀಸ್ ತಾವೇ ಕೆತ್ತಿ ನಿಲ್ಲಿಸಿದ್ದ ಕಲ್ಲೊಂದು ಆ ದಾರಿಗೆ ಹೆಸರು ತಂದಿತ್ತು.

ಅಷ್ಟೂ ನಡೆಯಲಾಗದವರು ಕೀಸ್ ವ್ಯೂ ತನಕ ಕಾರಿನಲ್ಲೇ ಹೋಗಬಹುದು. 1,580 ಮೀಟರ್ ಎತ್ತರದ ಆ ಅಂಚಿನಿಂದ ಕೊಚೆಲ್ಲಾ ಕಣಿವೆ, ಸ್ಯಾನ್ ಆಂಡ್ರಿಯಾಸ್ ಭೂಬಿರುಕು, ಆಕಾಶ ತಿಳಿಯಾಗಿದ್ದರೆ ಸಾಲ್ಟನ್ ಸರೋವರವೂ ಕಾಣುತ್ತವೆ. ಉಳಿದವರು ಗಣಿಗೆ ನಡೆದು ಬರುವಷ್ಟರಲ್ಲಿ ಇವರು ಅದನ್ನು ನಿಧಾನವಾಗಿ ನೋಡಿಕೊಂಡು ಬರಬಹುದು.

ಹಾವು, ಕಾಡುಪ್ರಾಣಿಗಳ ಭಯವಿದೆಯೇ?

ಬುಡುಬುಡಿಕೆಯಂತೆ ಬಾಲ ಅಲ್ಲಾಡಿಸಿ ಎಚ್ಚರಿಸುವ ರ‍್ಯಾಟಲ್ ಹಾವುಗಳು ಬೆಚ್ಚಗಿನ ತಿಂಗಳುಗಳಲ್ಲಿ ಕಾಣಬಹುದು. ಹಾದಿ ಬಿಡದೆ ನಡೆದು, ಕೈಕಾಲು ಇಡುವ ಜಾಗವನ್ನು ನೋಡಿ ಇಟ್ಟರೆ ತೊಂದರೆಯಿಲ್ಲ. ಮರುಭೂಮಿಯ ಆಮೆ ಕಂಡರೆ ದೂರದಿಂದಲೇ ನೋಡಿ, ಎತ್ತಬೇಡಿ. ಹೆದರಿದ ಆಮೆ ದೇಹದಲ್ಲಿ ಕೂಡಿಟ್ಟ ನೀರನ್ನು ಮೂತ್ರವಾಗಿ ಹೊರಬಿಡುತ್ತದೆ, ಮತ್ತೆ ನೀರು ಸಿಗದೆ ಅದು ಸಾಯಲೂಬಹುದು.

ನಾಯಿಯನ್ನು ಕರೆದೊಯ್ಯಬಹುದೇ?

ಈ ಹಾದಿಯಲ್ಲಿ ಸಾಕುಪ್ರಾಣಿಗಳಿಗೆ ಅನುಮತಿಯಿಲ್ಲ. ಕಾರಿನಲ್ಲಿ ಬಿಟ್ಟು ಹೋಗುವುದಂತೂ ಪ್ರಾಣಾಪಾಯ.

ಫೋನ್ ಸಂಪರ್ಕ ಇರುತ್ತದೆಯೇ?

ಉದ್ಯಾನದ ಬಹುಭಾಗದಲ್ಲಿ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಕಾಗದದ ನಕ್ಷೆಯೊಂದನ್ನೂ ದ್ವಾರದಲ್ಲಿ ಕೇಳಿ ಪಡೆಯಿರಿ. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳಿ ಫೋನ್ ಮಾಡುತ್ತೇವೆ ಎಂದು ಮನೆಯಲ್ಲಿರುವವರಿಗೆ ತಿಳಿಸಿ ಹೊರಡಿ. ಪುಣೆಯ ಸಂಬಂಧಿಕರಿಗೆ ಹೇಳಿದರೆ ಪ್ರಯೋಜನವಿಲ್ಲ, ಅವರಿಗೆ ಅದು ನಡುರಾತ್ರಿ. ಅಲ್ಲಿಯೇ ಇರುವ ಮಗನಿಗೋ ಸೊಸೆಗೋ ಅವರ ಸ್ನೇಹಿತರಿಗೋ ಹೇಳಬೇಕು. ದಾರಿ ತಪ್ಪಿದೆಯೆನಿಸಿದರೆ ಗುಂಪು ಒಡೆಯದೆ ಒಂದೇ ಕಡೆ, ಸಿಕ್ಕಷ್ಟು ನೆರಳಿನಲ್ಲಿ ಇರಿ.

ಲಾಸ್ ಏಂಜಲೀಸ್‌ನಿಂದ ಒಂದೇ ದಿನದಲ್ಲಿ ಹೋಗಿಬರಬಹುದೇ? ಶುಲ್ಕವೆಷ್ಟು?

ಹೋಗಿಬರಬಹುದು. ರಸ್ತೆಯಲ್ಲಿ ದಟ್ಟಣೆಯಿಲ್ಲದಿದ್ದರೆ ಒಂದು ದಿಕ್ಕಿಗೆ ಎರಡೂವರೆಯಿಂದ ಮೂರು ಗಂಟೆ. ಬೆಳಗ್ಗೆ ಆರಕ್ಕೆ ಹೊರಟರೆ ಒಂಬತ್ತರ ಹೊತ್ತಿಗೆ ಹಾದಿಯ ಆರಂಭದಲ್ಲಿರಬಹುದು. ಅಲ್ಲಿನ ವಾಹನ ನಿಲುಗಡೆ ಸಣ್ಣದು, ವಾರಾಂತ್ಯದಲ್ಲಿ ಬೇಗ ತುಂಬುತ್ತದೆ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗುವುದರಿಂದ ಮಧ್ಯಾಹ್ನದ ನಂತರ ನಡಿಗೆ ಆರಂಭಿಸಬೇಡಿ. ಪುಣೆಯಿಂದ ಬಂದು ಇಳಿದ ಮೊದಲ ವಾರದಲ್ಲೂ ಬೇಡ. ಹಗಲಿರುಳು ಅದಲುಬದಲಾದ ದೇಹ ಹೊಂದಿಕೊಳ್ಳಲಿ.

ಪ್ರವೇಶ ಶುಲ್ಕವನ್ನು ವಾಹನಕ್ಕಿಷ್ಟೆಂದು ಪಡೆಯುತ್ತಾರೆ, ಒಮ್ಮೆ ಕೊಟ್ಟರೆ ಏಳು ದಿನ ನಡೆಯುತ್ತದೆ. ದರ ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಹಾದಿ ತೆರೆದಿದೆಯೇ, ಮಣ್ಣಿನ ದಾರಿ ಸರಿಯಿದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ಉದ್ಯಾನದೊಳಗೆ ಪೆಟ್ರೋಲ್ ಬಂಕ್ ಇಲ್ಲ, ಊಟದ ಸ್ಥಳವೂ ಇಲ್ಲ. ಜಾಶುವಾ ಟ್ರೀ ಪಟ್ಟಣದಲ್ಲಿ ಟ್ಯಾಂಕ್ ತುಂಬಿಸಿಕೊಂಡು, ಮನೆಯಿಂದಲೇ ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ. ತಿಂದ ಮೇಲಿನ ಕಸವನ್ನೂ, ಕಿತ್ತಳೆ ಸಿಪ್ಪೆಯನ್ನು ಕೂಡ, ಚೀಲದಲ್ಲಿ ಹಾಕಿಕೊಂಡು ಮರಳಬೇಕು. ಆ ಒಣ ಹವೆಯಲ್ಲಿ ಸಿಪ್ಪೆ ಬೇಗ ಕೊಳೆಯುವುದಿಲ್ಲ.